ಹದಿನಾಲ್ಕನೇ ಬಾಗಿಲು

ಸ್ಪಾನ್ಸರ್ ಅಂದರೆ
ಗಣಪತಿ ಪೆಂಡಾಲಿನ ಬ್ಯಾನರಿನಲ್ಲಿ
ಕೈಮುಗಿದು ನಗುವ ಮುಖ ಅಂದುಕೊಂಡಿದ್ದೆ.
‘ನನ್ನ ಹತ್ತಿರ ಅಷ್ಟು ದುಡ್ಡೆಲ್ಲಿದೆ ತಾಯಿ’
ಅಂದೆ, ಬೆರಳಿನ ಆಯಿಲ್ ಒರೆಸುತ್ತ.

ನಾಗವೇಣಿ ನಗಲಿಲ್ಲ.
ಮಂಡಕ್ಕಿ ಭಟ್ಟಿಯ ಮಸಿ ಹಿಡಿದ ಓಣಿಯಿಂದ ಹೊರಟು
ಪಿ.ಬಿ. ರಸ್ತೆಯಲ್ಲಿ ಹದಿಮೂರು ಬಾಗಿಲು ಮುಗಿಸಿದ್ದಳು.
ಒಬ್ಬ, ಅನುಭವ ತಗೊಂಡು ಬಾ ಅಂದನಂತೆ.
ಅದಕ್ಕೇ ಬಂದಿದ್ದೀನಿ ಅಂದಳಂತೆ.
ಇನ್ನೊಬ್ಬ ಟೀ ಕುಡಿಸಿ,
ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇಲ್ಲಮ್ಮ ಅಂದನಂತೆ.
ನನ್ನಲ್ಲೂ ಇಲ್ಲ.

ಅರ್ಜಿ ಬಿಡಿಸಿ ಬೆಂಚ್‌ವೈಸಿನ ಪಕ್ಕ ಹಾಸಿದಳು.
‘ದುಡ್ಡು ಆಮೇಲೆ ಸಾಬ್ರೆ, ಮೊದಲು ಮಾತು.
ಇವಳನ್ನ ಇಷ್ಟು ತಿಂಗಳು ಇಟ್ಕೊಳ್ತೀನಿ,
ಕೆಲಸ ಕಲಿಸ್ತೀನಿ, ನಡುವೆ ಕೈಬಿಡಲ್ಲ
ಅಂತ ಮಾಲೀಕರ ಸಹಿ. ಕೆಳಗೆ ಮೊಹರು.’

ನಾನು ಕಲಿಯುವಾಗ ಅರ್ಜಿ ಇರಲಿಲ್ಲ.
ಅಬ್ಬಾ ಕೈಹಿಡಿದು ತಂದು
ಈರಾಚಾರ್ರ ಮುಂದೆ ನಿಲ್ಲಿಸಿ
‘ಚರ್ಮ ನಿಮ್ಮದು, ಮೂಳೆ ನಂದು’ ಅಂದಿದ್ದರು.
ಅಷ್ಟೇ ಕರಾರು.
ಮೊಹರು ಎಡಗಿವಿಯ ಹಿಂದೆ ಇನ್ನೂ ಇದೆ.

ಕೆಲಸಗಾರರ ಸಂಖ್ಯೆ ಅಂತ ಒಂದು ಚೌಕ.
ನಾಲ್ಕು ಜನರಾದರೂ ಇರಬೇಕಂತೆ.
ನಾನು. ಭಾಮೈದ ದಾದಾಪೀರ್.
ಮನಸ್ಸು ಬಂದ ದಿನ ಬರುವ ಹಾಲೇಶಿ.
ಆಮೇಲೆ ಈ ಹರಿಹರದ ಲೇತು,
ನನಗಿಂತ ಏಳು ವರ್ಷ ದೊಡ್ಡದು,
ಒಂದು ದಿನ ರಜೆ ಹಾಕಿದ್ದಿಲ್ಲ;
ಅದನ್ನ ಬರೆಯೋ ಹಾಗಿಲ್ಲವಂತೆ.
‘ನಿನ್ನನ್ನೇ ಸೇರಿಸಿದರೆ?’
‘ಕಲಿಯೋರು ಲೆಕ್ಕಕ್ಕಿಲ್ಲ ಸಾಬ್ರೆ’ ಅಂದಳು.
ಅಂದ ಮೇಲೆ
ತಾನೇ ಅಂದದ್ದು ಕೇಳಿಸಿದವಳಂತೆ
ಸ್ವಲ್ಪ ಹೊತ್ತು ಸುಮ್ಮನಾದಳು.

ಖಾಲಿ ಚೌಕದೊಳಗೆ
ಒಂದು ಬೆರಳಗುರುತು ಬಿದ್ದಿತ್ತು, ಆಯಿಲಿನದು, ನಂದೇ.
ಚಿಂದಿಯಿಂದ ಒರೆಸಿದೆ. ಇನ್ನೂ ಹರಡಿತು.

ಕರೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಮೋಟಗಿ ಸಾಹೇಬರ ಕಾರ್ಖಾನೆ.
ನಲವತ್ತು ಜನ, ಬಿಲ್ಲಿನ ಮೇಲೆ ನೀಲಿ ಮೊಹರು.
ಅವರ ಅರ್ಜೆಂಟ್ ಬುಷ್ಷುಗಳನ್ನು
ರಾತ್ರಿಯೆಲ್ಲ ಕೂತು ಕಡೆದುಕೊಟ್ಟವನು ನಾನು.
ಇಷ್ಟು ವರ್ಷ ಏನೂ ಕೇಳಿಲ್ಲ.

ಶಟರು ಅರ್ಧ ಎಳೆದೆ.
ಹೇಳಬೇಕಾದ್ದನ್ನು ಬಾಯೊಳಗೇ ತಿರುಗಿಸಿಕೊಂಡೆ:
ಚರ್ಮ ಅವಳದೇ, ಮೂಳೆಯೂ ಅವಳದೇ ಸಾಹೇಬ್ರೆ,
ನೀವು ಮೊಹರು ಕೊಡಿ ಸಾಕು. ಹಾಗೇ
ಒಂದು ಟಾಯ್ಲೆಟ್ಟು.

ಗಾಡಿ ಕಿಕ್ಕಿಗೆ ಬಗ್ಗಲಿಲ್ಲ.
ಎರಡು, ಮೂರು, ಆರು.
‘ಪ್ಲಗ್ ತೆಗೆದು ನೋಡಿ ಎಷ್ಟು ದಿನ ಆಯ್ತು?’
ಅನ್ನುತ್ತ ಅವಳೇ ಕುಕ್ಕರಗಾಲಲ್ಲಿ ಕೂತಳು.
ಅರ್ಜಿಯನ್ನು ನನ್ನ ಕೈಗೆ ಕೊಟ್ಟು,
ಸ್ಪ್ಯಾನರ್ ಕೇಳಿದಳು.