ವಿಸಿಲಿನ ದಾರದಲ್ಲಿ ಬೀಗದ ಕೈ

ನಾನು ಡ್ರಿಲ್ ಟೀಚರ್.
ಪುಸ್ತಕದ ಕಪಾಟು ನನ್ನ ಪಾಲಿಗೆ ಬಂದದ್ದು
ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ.
ಕುಂಬಳೆಯ ಈ ಶಾಲೆಯಲ್ಲಿ ಎಲ್ಲರಿಗೂ
ಪಾಠ ಮುಗಿಸುವ ಗಡಿಬಿಡಿ;
ಬಿಸಿಲೇರಿದ ಮೇಲೆ ನನಗೊಬ್ಬಳಿಗೇ ಬಿಡುವು.
ಹೆಡ್‌ಮಾಷ್ಟ್ರು ಕೊಟ್ಟ ಬೀಗದ ಕೈಯನ್ನು
ವಿಸಿಲಿನ ದಾರಕ್ಕೇ ಪೋಣಿಸಿಕೊಂಡೆ.
ಓಡುವಾಗ ಎರಡೂ ಒಂದಕ್ಕೊಂದು ತಾಗಿ
ಟಿಣ್ ಎನ್ನುತ್ತವೆ.

ಮೊದಲ ವಾರ ನನಗೆ ಗೊತ್ತಿದ್ದ ಹಾಗೆಯೇ ಓದಿಸಿದೆ:
ಸಾಲಾಗಿ ನಿಲ್ಲಿ. ಕೈಯಳತೆಯ ಅಂತರ. ಒಬ್ಬಳಿಗೆ ಒಂದು.
ಸೋಮವಾರ ಸಾರಾಂಶ, ನೀತಿ ಕೆಂಪು ಶಾಯಿಯಲ್ಲಿ.
ಏಳನೇ ಬಿಯ ಹತ್ತೊಂಬತ್ತು ಹುಡುಗಿಯರು
ನುಸಿಗುಳಿಗೆಯ ವಾಸನೆಗೆ ಮೂಗು ಮುಚ್ಚಿ
ತೆಳ್ಳಗಿನದನ್ನೇ ಹೆಕ್ಕಿ ಹೋದರು.
ಸೋಮವಾರ ಹತ್ತೊಂಬತ್ತು ನೀತಿ ಬಂತು,
ಅದರಲ್ಲಿ ಹದಿನಾರು 'ದುರಾಸೆ ಕೆಟ್ಟದ್ದು.'
ಆ ಹದಿನಾರರಲ್ಲಿ ಒಂದು
ನಕ್ಷತ್ರಗಳ ಪುಸ್ತಕ.

ಮಿಸ್ರಿಯಾಳ ಕಾಲು ಉಳುಕಿದ್ದು ಆ ಬುಧವಾರ.
ಕಬಡ್ಡಿ ಬೇಡ, ಒಳಗೆ ಕೂತಿರು ಎಂದೆ.
ಗಾಳಿ ಹೋದ ಫುಟ್‌ಬಾಲುಗಳ ಗೋಣಿಯ ಮೇಲೆ
ಕಾಲು ನೀಡಿ ಕೂತವಳು
ನಾನು ಹಗ್ಗ ತರಲು ಹೋದಾಗ ಒಬ್ಬಳೇ ನಗುತ್ತಿದ್ದಳು.
"ಎಂತ ನಗುವುದು?"
"ಎಂತ ಇಲ್ಲ ಟೀಚರ್,"
ಪುಟದ ಮೇಲೆ ಅಂಗೈ ಮುಚ್ಚಿದಳು,
ಬುತ್ತಿಯಲ್ಲಿ ಹುರಿದ ಮೀನಿದ್ದ ದಿನ
ಮುಚ್ಚಳ ಅಡ್ಡ ಹಿಡಿಯುತ್ತಾರಲ್ಲ, ಹಾಗೆ.

ಆಮೇಲೆ ಮಂಗಳೂರು ಕಡೆಯ ರೈಲು ಹೋಯಿತು.
ಫ್ಲೇವಿಯಾ ಆಟ ಬಿಟ್ಟು ಡಬ್ಬಿ ಎಣಿಸಿದಳು.
ಮಿಸ್ರಿಯಾ ತಲೆ ಎತ್ತಲಿಲ್ಲ.
ಪೀರಿಯಡ್ ಮುಗಿಯಿತೆಂದು ವಿಸಿಲು ಊದಿದೆ,
ಬಾಗಿಲಲ್ಲೇ ನಿಂತು ಇನ್ನೊಮ್ಮೆ ಊದಿದೆ.
ಇಪ್ಪತ್ತೆರಡು ವರ್ಷದಲ್ಲಿ
ನನ್ನ ವಿಸಿಲು ಕೇಳಿಸದ ಮಗು ಇವಳೊಬ್ಬಳೇ.
ಸಿಟ್ಟು ಬರಬೇಕಿತ್ತು.
ಬಂದದ್ದು ಹೊಟ್ಟೆಕಿಚ್ಚು.

ಹಾಗಾಗಿ ಕೇಳಿ, ಏಳನೇ ಬಿ.
ಸಾರಾಂಶ ರದ್ದು. ಕೆಂಪು ಪೆನ್ನು ನನಗೆ ವಾಪಸ್ ಕೊಡಿ.
ನಡುವಿನ ಪುಟದಿಂದ ಶುರು ಮಾಡಬಹುದು.
ಹಿಡಿಸದಿದ್ದರೆ ಅಲ್ಲಿಗೇ ಬಿಡಿ,
ಪುಸ್ತಕ ಮನೆಗೆ ಬಂದು ದೂರು ಹೇಳುವುದಿಲ್ಲ.
ಗೊತ್ತಿಲ್ಲದ ಪದ ಅಡ್ಡ ಬಂದರೆ ಹಾರಿ,
ಲಾಂಗ್ ಜಂಪ್ ಮತ್ತೆ ಯಾಕೆ ಕಲಿಸಿದ್ದು?
ಓದುವುದು ಕನ್ನಡವಾದರೂ
ಮನೆಯ ತುಳುವಿನಲ್ಲಿ ನಗಿ, ಉಮ್ಮನ ಬ್ಯಾರಿಯಲ್ಲಿ ನಗಿ,
ಬಸ್ಸಿನ ಬೋರ್ಡಿನ ಮಲಯಾಳದಲ್ಲಾದರೂ ನಗಿ.
ಕುಚ್ಚಲಕ್ಕಿ ಬೇಯಲು ಗಂಟೆ ಹಿಡಿಯುತ್ತದಲ್ಲ,
ಅಷ್ಟರಲ್ಲಿ ಎರಡು ಅಧ್ಯಾಯ ಬೇಯುತ್ತದೆ.
ಗಂಜಿ ಉಕ್ಕಿದರೆ ಬೈಸಿಕೊಳ್ಳಿ, ಒಂದು ದಿನ ಅಷ್ಟೆ.
ಸುಗುಣಾ, ನಿನ್ನ ಅಣ್ಣ
"ಇದು ಪರೀಕ್ಷೆಗೆ ಉಂಟಾ?" ಎಂದು ಕೇಳಿದರೆ
ಉಂಟು ಎನ್ನು. ಸಾಕ್ಷಿಗೆ ನಾನಿದ್ದೇನೆ.

ಮಿಸ್ರಿಯಾ ಹಿಂದಿರುಗಿಸಿದ್ದನ್ನು
ಕಪಾಟಿಗೆ ಇಡದೆ ಚೀಲಕ್ಕೆ ಹಾಕಿಕೊಂಡೆ.
ನಲವತ್ತಮೂರನೇ ಪುಟದಲ್ಲಿ ಬಸ್ ಟಿಕೇಟು ಇಟ್ಟಿದ್ದಳು,
ನಕ್ಕದ್ದು ಅಲ್ಲೇ ಇರಬೇಕು.
ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು.
ಆ ಪುಟ ಎರಡು ಸಲ ಓದಿದೆ,
ನಗುವಂಥದ್ದೇನೂ ಕಾಣಲಿಲ್ಲ.
ಇರಲಿ ಎಂದು ಮುಂದಕ್ಕೆ ಹೋದೆ;
ಅರುವತ್ತರ ಹತ್ತಿರ ಎಲ್ಲೋ
ಪಕ್ಕದ ಮೀನಿನ ಹೆಂಗಸು ತಿರುಗಿ ನೋಡುವಷ್ಟು ನಕ್ಕೆ.

ಇಳಿಯಬೇಕಾದದ್ದು ಮೊಗ್ರಾಲ್ ಪುತ್ತೂರಿನಲ್ಲಿ.
ಕಂಡಕ್ಟರ್ ಚೌಕಿ, ಚೌಕಿ ಎನ್ನುತ್ತಿದ್ದ.
ವಿಸಿಲು ಅವನೂ ಊದಿದ್ದನೋ ಏನೋ.
ಇಳಿದು, ಕತ್ತಲಾಗುವ ಹೈವೇ ಅಂಚಿನಲ್ಲಿ
ಬಂದ ದಾರಿಯನ್ನೇ ವಾಪಸ್ ನಡೆದೆ,
ಕೊರಳಲ್ಲಿ ಟಿಣ್, ಟಿಣ್.

ನಾಳೆ ಅವಳು ಕೇಳಿಯೇ ಕೇಳುತ್ತಾಳೆ,
ಟೀಚರ್, ನೀವು ನಕ್ಕದ್ದೆಲ್ಲಿ?
ನಾನು ಹೇಳುವವಳಲ್ಲ.