ಕಾಳಿನ ಹಲ್ಲು

ಅಟ್ಟದ ಮೊಳೆಗೆ ನೇತುಹಾಕಿದ್ದೇನೆ, ಇಲಿಗೆ ಎಟುಕದ ಹಾಗೆ,
ನಮ್ಮನೆಯ ಕುರೆಂಟನನ್ನು.
ಕುರಿತೊಗಲಿನ ಮೈ, ಸೊಂಟಕ್ಕೆ ಐದು ಹಸುಗಂಟೆ,
ಎದೆಯವರೆಗೆ ಇಳಿಬಿದ್ದ ಕೆಂಪು ನಾಲಗೆ –
ಹಳೆಯ ಶಾಲೆಚೀಲದ ಚರ್ಮ ಅದು, ನಾನೇ ಬಣ್ಣ ಹಾಕಿ ಹೊಲಿದದ್ದು.
ಹಲ್ಲಿಗೆ ಬಿಳಿ ಬೀನ್ಸ್ ಕಾಳು.
ಒಂದೊಂದಕ್ಕೂ ಸೂಜಿ ಚುಚ್ಚಿ, ದಾರ ಪೋಣಿಸಿ,
ಮೇಲೆ ಒಂಬತ್ತು, ಕೆಳಗೆ ಎಂಟು.
ಒಂದು ಎಲ್ಲೋ ಮಂಚದಡಿ ಉರುಳಿಹೋಯಿತು.

ಮದುವೆಯಾಗದ ಗಂಡಸಷ್ಟೇ ತೊಡಬೇಕು, ಅಪ್ಪನ ಕಾಲದ ಕಟ್ಟಳೆ.
ನನ್ನಣ್ಣ ತಿನೆಕ್ ನಲವತ್ತಾರರವರೆಗೂ ಕಟ್ಟಳೆ ಮೀರಲಿಲ್ಲ.
ಫೆಬ್ರವರಿ ಎರಡರ ನಡುರಾತ್ರಿ ದಾಟಿದ್ದೇ ತಡ
ಢಣಢಣ ಢಣಢಣ –
ದ್ರಾವಾ ದಂಡೆಯ ಹಿಮವೆಲ್ಲ ಬೆಚ್ಚಿಬೀಳಬೇಕು.
ಅಂಗಳ ಅಂಗಳದಲ್ಲೂ ಕುಣಿದ. ಹುಡುಗಿಯರು
ಅವನ ನಡುವಿಗೆ ಕರವಸ್ತ್ರ ಕಟ್ಟಿದರು.
ಆಮೇಲೆ ಆ ಹುಡುಗಿಯರ ಹೆಣ್ಣುಮಕ್ಕಳೂ ಕಟ್ಟಿದರು.
ಹೋದ ವರ್ಷ, ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ,
ಅಂಚೆಕಚೇರಿಯ ಜೋಫ್ಕಾಳ ಕೈಹಿಡಿದು ಮನೆಗೆ ಕರೆತಂದ.
ಆಯಿತಲ್ಲ, ಅಂದೆ, ಇನ್ನು ಚಳಿಗಾಲವನ್ನು ಓಡಿಸುವವರು ಯಾರು?
ಜೋಫ್ಕಾ ಒಲೆಗೆ ಕಟ್ಟಿಗೆ ತುಂಬುತ್ತ ನಕ್ಕಳು.

ರಾಜಧಾನಿಯಿಂದ ಒಬ್ಬರು ಬಂದಿದ್ದರು, ಕೈಯಲ್ಲಿ ಧ್ವನಿ ಹಿಡಿಯುವ ಯಂತ್ರ.
ಇದರ ಮೂಲ ಯಾವುದಮ್ಮ?
ತುರ್ಕರ ದಂಡನ್ನು ಹೆದರಿಸಲು ಕುರಿಗಾಹಿಗಳು ಕಟ್ಟಿದ ವೇಷವೇ?
ಶಿಲುಬೆಗೂ ಮುಂಚಿನ ಯಾವುದೋ ದೇವರೇ?
ದಕ್ಷಿಣದಿಂದ ಓಡಿಬಂದವರ ಗಂಟುಮೂಟೆಯಲ್ಲಿ ಬಂದದ್ದೇ?
ನನಗೇನು ಗೊತ್ತು.
ಕುರಿ ಹ್ರಿಬರರ ಮನೆಯದು.
ಗಂಟೆ ಲಿಸ್ಕಾಳದು – ಅಪ್ಪ ಹಸು ಮಾರಿದ, ಗಂಟೆ ಬಿಟ್ಟುಕೊಡಲಿಲ್ಲ.
ಕೋಲಿನ ತುದಿಗೆ ಸುತ್ತಿದ್ದು
ಲಾರಿಯಡಿ ಸಿಕ್ಕಿದ ಮುಳ್ಳುಹಂದಿಯ ಚರ್ಮ.
ಕಾಳು, ನೋಡಿ, ನಮ್ಮ ಹಿತ್ತಲದೇ.
ನಾನು ಕಾಳಿಗೆ ಬರುವ ಹೊತ್ತಿಗೆ
ಅವರು ಯಂತ್ರ ಆರಿಸಿ ಕೋಟಿನ ಗುಂಡಿ ಹಾಕುತ್ತಿದ್ದರು.

ಈ ಸಲ ನಮ್ಮ ಮನೆಯಿಂದ ಯಾರೂ ಕುಣಿಯಲಿಲ್ಲ.
ಬೇರೆ ಊರುಗಳ ಗಂಟೆ ಕೇಳುತ್ತ ತಿನೆಕ್
ಕೆಂಪು ಕಾಲುಚೀಲ ಹಾಕಿ ಬಾಗಿಲಲ್ಲಿ ನಿಂತಿದ್ದ, ಅಷ್ಟೆ.
ಹೆಂಚು ಸರಿದು, ಕರಗಿದ ಹಿಮ ಅಟ್ಟಕ್ಕೆ ಸೋರಿ
ನೇರ ಆ ಮುಖದ ಮೇಲೇ ತೊಟ್ಟಿಕ್ಕಿತು. ಮಾರ್ಚ್‌ನಲ್ಲಿ
ಒಣಹಾಕೋಣವೆಂದು ಏಣಿ ಹತ್ತಿ ಟಾರ್ಚು ಬಿಟ್ಟರೆ
ಬಾಯ ಎಡಗಡೆ
ತಿಳಿಹಸಿರು.
ಒಂದು ಹಲ್ಲು ಮೊಳೆತಿದೆ.

ಎಲ್ಲದಕ್ಕೂ ಚುಚ್ಚಿದ್ದೆನಲ್ಲ!
ಇದೊಂದರ ಕಣ್ಣು ಸೂಜಿಯಿಂದ ತಪ್ಪಿಸಿಕೊಂಡಿತ್ತು.
ಎರಡು ಎಲೆ, ನಾಲಗೆಯ ಮೇಲೆ ಹಾದು,
ಹೆಂಚಿನ ಸಂದಿಯ ಬೆಳಕಿನತ್ತ ಕತ್ತು ಚಾಚಿದ್ದವು.
ತಿನೆಕ್ ಮಂಡಿ ಹಿಡಿದು ಏಣಿಯ ಕೆಳಗಿಂದಲೇ ಕೇಳಿದ:
ಕಚ್ಚುತ್ತದೆಯೇನೇ?

ಜೋಫ್ಕಾ ಉಗುರು ಕತ್ತರಿಯಿಂದ ದಾರ ಬಿಡಿಸಿ
ಹಿಡಿ ಮುರಿದ ಕಾಫಿ ಬಟ್ಟಲಲ್ಲಿ ನೆಟ್ಟಿದ್ದಾಳೆ.
ಬಾಯಲ್ಲೀಗ ಒಂದು ಕಿಂಡಿ.
ಹೊಸ ಕಾಳು ಪೋಣಿಸಬಹುದಿತ್ತು. ಪೋಣಿಸಿಲ್ಲ.

ಮೊನ್ನೆ ಪಕ್ಕದ ಮನೆಯ ವೀಟಾ, ಹನ್ನೆರಡು ತುಂಬಿಲ್ಲ ಇನ್ನೂ,
ಅಟ್ಟಕ್ಕೆ ಬಂದು ಮೆಲ್ಲಗೆ ಕೇಳಿದಳು:
ಹುಡುಗಿಯರು ತೊಡಬಹುದಾ?
ಮೊದಲು ಎತ್ತಿ ನೋಡು, ಅಂದೆ.
ಎರಡೂ ಕೈಯಲ್ಲಿ ಗಂಟೆಯ ಪಟ್ಟಿ ಹಿಡಿದಳು, ತುಟಿ ಕಚ್ಚಿದಳು.
ಲಿಸ್ಕಾಳ ಗಂಟೆ, ಅದೊಂದೇ,
ಢಣ್ ಅಂದಿತು.