ಹಾವು, ಆವು

ಹೆಸರು ಮೌನಿಕಾ. ಓದುವುದು ಮಾತ್ರ
ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲು.
ಒತ್ತಕ್ಷರಕ್ಕೆ ತಗ್ಗುವುದಿಲ್ಲ, ಪೂರ್ಣವಿರಾಮಕ್ಕೆ ನಿಲ್ಲುವುದಿಲ್ಲ.
ಕ್ಲಸ್ಟರಿನವರು ಬಂದು ಕೇಳಿ
'ನಿರರ್ಗಳ' ಎಂಬ ಮನೆಯಲ್ಲಿ ಟಿಕ್ ಹಾಕಿ ಹೋದರು.
ಪಕ್ಕದ ಮನೆ, 'ಅರ್ಥಗ್ರಹಿಕೆ', ನನಗೆ ಬಿಟ್ಟರು.

ಚೇಳೂರಿನಿಂದಾಚೆ, ಬಸ್ಸು ತಿರುಗಿಕೊಳ್ಳುವ ಊರು.
ಕನ್ನಡ ಇಲ್ಲಿ ಬೆಲ್ಲು ಹೊಡೆದ ಮೇಲೆ ಬರುತ್ತದೆ,
ನಾಲ್ಕೂವರೆಗೆ ನನ್ನ ಜೊತೆಗೇ ಬಸ್ಸು ಹತ್ತುತ್ತದೆ.
ಮಿಕ್ಕ ಹೊತ್ತೆಲ್ಲ ತೆಲುಗು:
ಜಗಳ, ಮುದ್ದು, ಕೋಳಿ ಕರೆಯುವುದು, ಕನಸು.

ಅವತ್ತಿನ ಹಾಳೆಯಲ್ಲಿ ಮೂರೇ ಸಾಲು.
ಚಿತ್ರ ಜೆರಾಕ್ಸಿನಲ್ಲಿ ಕರಿ ಮಚ್ಚೆಯಾಗಿತ್ತು.

ಹಿತ್ತಿಲಲ್ಲಿ ಹಾವು ಮಲಗಿತ್ತು.
ಅಜ್ಜಿ ನೋಡಿ ಹೆದರಿದಳು.
ಹಾವು ಹುತ್ತದೊಳಗೆ ಹೋಯಿತು.

ಒಂದೇ ಉಸಿರು.
"ಏನು ಮಲಗಿತ್ತು?"
"ಆವು, ಮಿಸ್."
"ಎಂಥಾದ್ದು?"
"ಕರ್ರೀದು. ಮೇವು ತಿಂತಾ ಐತೆ."

ಆಗ ಹೊಳೆಯಿತು. ನಾನು ಮುಳಬಾಗಿಲಿನ ಕಡೆಯವಳು,
ನಮ್ಮ ಮನೆಯಲ್ಲಿ ಹಾಲು ಆಲು, ಹೂವು ಊವು.
ವರ್ಷವೆಲ್ಲ ನನ್ನ ಬಾಯಿಂದ ಬಿದ್ದ ಹಾವನ್ನು
ಈ ಹುಡುಗಿ ಕೊಟ್ಟಿಗೆಯಲ್ಲಿ ಕಟ್ಟಿ
ಮೇವು ಹಾಕುತ್ತಿದ್ದಾಳೆ,
ತೆಲುಗಿನ ಹಸುವೆಂದು.

"ಸರಿ, ಅಜ್ಜಿ ಯಾಕೆ ಹೆದರಿದಳು?"
"ಹಾಯುತ್ತೆ ಮಿಸ್. ಮೊನ್ನೆ ನಮ್ಮಮ್ಮನ ತೊಡೆಗೂ."
ಉತ್ತರ ಸರಿಯೇ. ಪ್ರಾಣಿ ಬೇರೆ.

ತಿದ್ದಿಬಿಡಬಹುದಿತ್ತು.
ಬಾಗೇಪಲ್ಲಿಯ ತರಬೇತಿಯಲ್ಲಿ ಬೋಂಡ ಕೊಟ್ಟು ಹೇಳಿದ್ದರು:
ಮಗು ಊಹಿಸಲಿ, ಊಹೆಯನ್ನು ಪಠ್ಯವೇ ಮುರಿಯಲಿ.
ಹಿಂದಿನ ಬೆಂಚಿನ ನರಸಿಂಹುಲುಗೆ ಗೊತ್ತಾಗಿ ನಗು ಒತ್ತರಿಸಿತು,
ಕಣ್ಣಲ್ಲೇ ಗದರಿದೆ.
"ಮೂರನೇ ಸಾಲು. ಮೆಲ್ಲಗೆ."

"ಹುತ್ತ ಅಂದ್ರೆ?"
ಕಿಟಕಿಯ ಕಡೆ ಕೈ ತೋರಿದೆ,
ಬೇವಿನ ಬುಡದಲ್ಲಿ ಅರಿಶಿನ ಮೆತ್ತಿದ ಮಣ್ಣು.
"ಪುಟ್ಟ!" ಎಂದಳು.
ಎಂದವಳು ನಿಂತಳು.
ಸೈಕಲ್ಲು ಮೊದಲ ಸಲ ನಿಂತಿತು,
ಒಂದು ಕಾಲು ನೆಲಕ್ಕೂರಿ.
"ಪುಟ್ಟಲೋಕಿ ಆವು ಎಟ್ಲ ಪೋತುಂದಿ, ಮಿಸ್?"

ನಾನು ಹೇಳಲಿಲ್ಲ. ಬೋರ್ಡಿನ ಮೇಲೆ ಬರೆದೆ:
ಪುಟ್ಟ, ಹುತ್ತ.
ಪಾಲು, ಹಾಲು.
ಪುಲಿ, ಹುಲಿ.
ಆಮೇಲೆ ಒಂದಿಷ್ಟು ಜಾಗ ಖಾಲಿ, ಪಕ್ಕದಲ್ಲಿ ಹಾವು.
ಎದೆಯಿಂದ ಗಾಳಿ ಎಳೆದು ತಂದು, ಹಾ, ಎಂದು ಓದಿದೆ.

ಅವಳ ತುಟಿ ಪಕಾರಕ್ಕೆ ಕೂಡಿದವು. ಸದ್ದಿಲ್ಲ.
ಕರಿ ಮಚ್ಚೆಯನ್ನು ನೋಡಿದಳು.
ಅದರ ಕೊಂಬು ಉದುರಿದವು,
ಗೊರಸು, ಕೆಚ್ಚಲು, ಕೊರಳ ಗಂಟೆ.
ಉದ್ದಕ್ಕೆ ಮೈಯೊಂದು ಉಳಿಯಿತು.
ಮೌನಿಕಾ ತನ್ನ ಎರಡೂ ಕಾಲನ್ನು
ನೆಲದಿಂದ ಮೇಲೆತ್ತಿ
ಬೆಂಚಿನ ಮೇಲೆ ಮಡಚಿಕೊಂಡಳು.

ಪಕ್ಕದ ಮನೆಗೆ ಟಿಕ್ ಹಾಕಿದೆ.

ಸಂಜೆ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನು
ಹಾವು, ಹಾವು ಎಂದು ರೂಢಿ ಮಾಡುತ್ತಿದ್ದೆ.
ಪಕ್ಕದ ಹೆಂಗಸು ಬಗ್ಗಿ
ಸೀಟಿನ ಕೆಳಗೆ ನೋಡಿದಳು.